ಒಂದೇ ಗರಡಿಯ ಜೋಡಿ

ಬೆಂಗೇರಿಯ ಹುಲಗಪ್ಪನಿಗೂ ಗೋಪನಕೊಪ್ಪದ ಖಾದರಬಾಷಾನಿಗೂ ಮೀಸೆ ಮೂಡುವ ಮೊದಲೇ ಒಂದೇ ಕೆಮ್ಮಣ್ಣು ಮೈಗೆ ಹತ್ತಿತ್ತು. ಇಬ್ಬರೂ ಉಸ್ತಾದ ಹುಚ್ಚಪ್ಪನ ಗರಡಿಯ ಪೈಲ್ವಾನರು. ನಸುಕಿನಲ್ಲಿ ಒಬ್ಬರನ್ನೊಬ್ಬರು ಎತ್ತಿ ಒಗೆದು, ಒಂದೇ ತಂಬಿಗೆಯ ಹಾಲು ಕುಡಿದು, ಹುಲಗಪ್ಪ ಅರಳೆ ಪ್ರೆಸ್ಸಿಗೆ, ಖಾದರಬಾಷಾ ಕಟ್ಟಿಗೆ ಅಡ್ಡೆಗೆ ದುಡಿಯಲು ಹೋಗುತ್ತಿದ್ದರು. ಒಂದೇ ಗರಡಿಯ ಇಬ್ಬರು, ಮಂದಿಯ ಮುಂದೆ ಎದುರುಬದುರು ನಿಲ್ಲಬಾರದು ಎಂಬುದು ಉಸ್ತಾದನ ಕಟ್ಟಪ್ಪಣೆ. "ಈ ಮಣ್ಣಿನ್ಯಾಗ ಅಣ್ಣತಮ್ಮ ಆದವ್ರು, ಹೊರಗ ವೈರಿ ಆಗಬ್ಯಾಡ್ರಿ" ಎನ್ನುತ್ತಿದ್ದ.

ಗೋವಾ ಬಿಡುಗಡೆಯಾದ ಮರುವರ್ಷ ಪಂಢರಿನಾಥನೆಂಬ ಕಂತ್ರಾಟುದಾರ ಹುಬ್ಬಳ್ಳಿಗೆ ಬಂದ. ಮೊದಲು ನಾಟಕದ ಕಂಪನಿ ನಡೆಸಿ ಕೈಸುಟ್ಟುಕೊಂಡವನು. ಬಯಲಿನ ಸುತ್ತ ತಗಡು ಬಡಿದು, ಹಲಗೆಯ ಅಟ್ಟ ಕಟ್ಟಿ, ಹಗ್ಗ ಬಿಗಿದು, ತಿಕೀಟಿನ ಕುಸ್ತಿ ಶುರುಮಾಡಿದ. ಮಣ್ಣಿನ ಕಣಗಳು ಬರಿದಾದವು. ಗೆದ್ದವನಿಗೆ ರುಮಾಲು ಸುತ್ತಿ ಬೆಳ್ಳಿ ಕಡಗ ತೊಡಿಸುತ್ತಿದ್ದ ಹಿರಿಯರೇ ಈಗ ಮುಂದಿನ ಕುರ್ಚಿಯ ತಿಕೀಟು ಕೊಂಡು ಕೂತರು. ಗರಡಿಗೆ ಎಣ್ಣೆ ಕೊಡುತ್ತಿದ್ದ ಗಾಣದವರು ಕೈಬಿಟ್ಟರು. ಪ್ರೆಸ್ಸಿನ ಕೂಲಿಯೊಂದರಲ್ಲೇ ಹುಲಗಪ್ಪನ ಮನೆ ನಡೆಯಬೇಕಾಯಿತು. ಹೆಂಡತಿ ದುರಗವ್ವ ತನ್ನ ಪಾಲಿನ ರೊಟ್ಟಿಯನ್ನು ಸದ್ದಿಲ್ಲದೆ ಗಂಡನ ತಾಟಿಗೆ ಸರಿಸುವುದನ್ನು ಹುಲಗಪ್ಪ ಒಂದು ದಿನ ಕಂಡ. ಮರುದಿನ ಪಂಢರಿನಾಥನ ಬಾಗಿಲಿಗೆ ಹೋದ. ಅಲ್ಲಿ ಖಾದರಬಾಷಾ ಆಗಲೇ ಕೂತಿದ್ದ. ಇಬ್ಬರೂ ನಾಚಿಕೊಂಡು ನಕ್ಕರು.

"ಬರೇ ಕುಸ್ತಿ ನೋಡಾಕ ಯಾರೂ ಬರೂದಿಲ್ಲ ಪೈಲ್ವಾನ್ರ. ಜಗಳ ನೋಡಾಕ ಬರ್ತಾರ. ನಿಮ್ಮಿಬ್ಬರ ಜೋಡಿ ಹಚ್ಚೂಣು" ಎಂದ ಪಂಢರಿನಾಥ.

"ನಾವು ಒಂದ ಗರಡಿಯವ್ರು ರೀ" ಎಂದ ಹುಲಗಪ್ಪ.

"ಅದಕ್ಕ ಹೇಳಾಕತ್ತೇನಿ. ಒಮ್ಮೆ ನೀವು ಬೀಳ್ರಿ, ಒಮ್ಮೆ ಅವ್ರು ಬೀಳ್ಲಿ. ಯಾರಿಗೂ ಪೆಟ್ಟಿಲ್ಲ. ಇಬ್ಬರ ಮನ್ಯಾಗೂ ಒಲಿ ಉರೀತದ."

ದಿನಾ ನಸುಕಿನಲ್ಲಿ ಆಡುವ ಆಟವೇ ಅಲ್ಲವೇ ಅಂದುಕೊಂಡು ಹುಲಗಪ್ಪ ಒಪ್ಪಿದ. ಖಾದರಬಾಷಾನೂ ಒಪ್ಪಿದ.

ಟಾಂಗಾಕ್ಕೆ ಮೈಕು ಕಟ್ಟಿ ಊರೆಲ್ಲ ಸಾರಿದರು. ಖಾದರಬಾಷಾ ಉಸ್ತಾದನ ಮೇಲೆ ಕೈಮಾಡಿ ಗರಡಿ ಬಿಟ್ಟನಂತೆ, ಹುಲಗಪ್ಪ ಸೇಡಿಗೆ ಕಾದಿದ್ದಾನಂತೆ. ಚಹಾದಂಗಡಿಯಲ್ಲಿ ಕೂತು ಇದನ್ನು ಕೇಳಿದ ಇಬ್ಬರಿಗೂ ನಗು ಬಂತು. ಉಸ್ತಾದ ನಗಲಿಲ್ಲ. ಗರಡಿಯ ಬಾಗಿಲಿಗೆ ಅಡ್ಡ ನಿಂತು, "ನನ್ನ ಹೆಸರಿನ್ಯಾಗ ಸುಳ್ಳ ಮಾರಾಕತ್ತೀರಿ. ಇನ್ನ ಈ ಮಣ್ಣ ಮುಟ್ಟಬ್ಯಾಡ್ರಿ" ಎಂದ.

ಮೊದಲ ಕುಸ್ತಿ ಹುಲಗಪ್ಪ ಗೆದ್ದ. ಎರಡನೆಯದರಲ್ಲಿ ಮಾತಿನಂತೆ ತಾನೇ ಅಂಗಾತ ಬಿದ್ದ. ಖಾದರಬಾಷಾ ತೊಡೆ ತಟ್ಟುತ್ತ ಅಟ್ಟದ ತುಂಬ ಸುತ್ತು ಹಾಕಿದ. ಮಂದಿ ಹುಲಗಪ್ಪನತ್ತ ಚಪ್ಪಲಿ ತೂರಿದರು. ಅದೂ ಆಟವೇ ಎಂದು ಹುಲಗಪ್ಪನಿಗೆ ಗೊತ್ತಿತ್ತು. ಆದರೂ ಮನೆಗೆ ಬಂದಮೇಲೆ ಊಟ ಸೇರಲಿಲ್ಲ. ಅಷ್ಟರಲ್ಲಿ ಬೆಂಗೇರಿಯವರೂ ಗೋಪನಕೊಪ್ಪದವರೂ ಎರಡು ಪಂಗಡವಾಗಿದ್ದರು. ದುರಗವ್ವನನ್ನು ಮಗಳೇ ಎಂದು ಕರೆಯುತ್ತಿದ್ದ ಖಾದರಬಾಷಾನ ತಾಯಿ ರೆಹಮತ್‌ಬಿ ಸಂತೆಯಲ್ಲಿ ಮುಖ ತಿರುಗಿಸಿ ಹೋದಳು. ಗೆಳೆಯರು ಜೊತೆಗೆ ಕಾಣಬಾರದು, ಕಂಡರೆ ವ್ಯಾಪಾರ ಕೆಡುತ್ತದೆ ಎಂದು ಪಂಢರಿನಾಥ ಹೇಳಿದ್ದರಿಂದ ಅವರು ಮಾತಾಡುವುದೂ ನಿಂತಿತ್ತು.

ಮೂರನೆಯ ಕುಸ್ತಿಗೆ ಮುಂಚೆ ಪಂಢರಿನಾಥ ಹುಲಗಪ್ಪನೊಬ್ಬನನ್ನೇ ಕರೆಸಿದ. "ಈ ಸಲ ಗೆಲ್ಲವ್ರು ನೀವ. ಖಾದರ ಒಪ್ಯಾನ."

ಅಟ್ಟದ ಮೇಲೆ ಹುಲಗಪ್ಪ ಗೆಳೆಯನ ನಡು ಹಿಡಿದು, ಮೈ ಸಡಿಲವಾಗುವುದನ್ನು ಕಾದ. ಸಡಿಲವಾಗಲಿಲ್ಲ. ಬದಲಿಗೆ ಕಿವಿಯ ಹತ್ತಿರ ಪಿಸುಮಾತು ಬಂತು: "ಲೇ ಹುಲಗ್ಯಾ, ಬೀಳು."

ಹುಲಗಪ್ಪನಿಗೆ ಅದು ಅಣಕದಂತೆ ಕೇಳಿತು. "ನೀನ ಬೀಳು" ಎಂದು ಹಲ್ಲು ಕಚ್ಚಿದ. ಖಾದರಬಾಷಾನ ಹಿಡಿತ ಬಿಗಿಯಿತು. ಅಲ್ಲಿಂದ ಮುಂದೆ ಆಟ ಉಳಿಯಲಿಲ್ಲ. ಮಂದಿಗೂ ಅದು ಹೇಗೋ ತಿಳಿದು, ಎಲ್ಲರೂ ಎದ್ದು ನಿಂತು ಕೂಗತೊಡಗಿದರು. ಹುಲಗಪ್ಪ ಗೆಳೆಯನ ಬಲತೋಳನ್ನು ಬೆನ್ನಿಗೆ ತಿರುವಿದ. ಹೆಗಲಿನಲ್ಲಿ ಲಟಕ್ಕೆಂದದ್ದು ಅವನ ಕೈಗೇ ಮೊದಲು ತಿಳಿಯಿತು. ತಿಳಿದ ಮೇಲೂ ಸಿಟ್ಟು ಇಳಿಯುವವರೆಗೆ ಅವನು ಬಿಡಲಿಲ್ಲ.

ತೋಳು ಮತ್ತೆ ಮೇಲೆ ಏಳುವುದಿಲ್ಲ ಎಂದರು ಮೂಳೆ ಕಟ್ಟುವವರು. ಸುದ್ದಿ ಕೇಳಿ ಹುಲಗಪ್ಪ ಗೋಪನಕೊಪ್ಪಕ್ಕೆ ಹೋದ. ಖಾದರಬಾಷಾನ ಹೆಂಡತಿ ನಜ್ಮಾ ಬಾಗಿಲು ತೆರೆದು ಒಳಗೆ ಸರಿದಳು. ಖಾದರಬಾಷಾ ಬಿದಿರಿನ ಕಟ್ಟು ಹಾಕಿಕೊಂಡು ಹೊರಸಿನ ಮೇಲೆ ಕೂತಿದ್ದ.

"ನಿನಗ ಏನ ಹೇಳಿದ್ದ ಆ ಪಂಢರಿನಾಥ?" ಎಂದು ಕೇಳಿದ ಹುಲಗಪ್ಪ.

"ನೀ ಬೀಳ್ತಿ ಅಂದಿದ್ದ."

"ನನಗೂ ಹಂಗ ಹೇಳಿದ್ದ, ನೀ ಬೀಳ್ತಿ ಅಂತ."

ಇನ್ನು ಎಲ್ಲ ತಿಳಿಯಾಯಿತು ಎಂದುಕೊಂಡ ಹುಲಗಪ್ಪ. ಖಾದರಬಾಷಾ ಎಡಗೈಯಿಂದ ತೋಳಿನ ಕಟ್ಟನ್ನು ಸರಿಪಡಿಸಿಕೊಂಡ.

"ಅದು ಅವನ ಕೆಲಸ, ಬಿಡು. ತೋಳು ಮುರದ ಮ್ಯಾಲೂ ನೀ ಕೈ ಬಿಡ್ಲಿಲ್ಲ. ಅದನ್ನ ಯಾರು ಹೇಳಿಕೊಟ್ಟಿದ್ರು?"

ಹುಲಗಪ್ಪ ಎದ್ದು ಹೊರಬಿದ್ದ. ಅಲ್ಲಿಂದ ನೇರ ಉಸ್ತಾದನ ಕಡೆಗೆ ಹೋದ. ಗರಡಿಯಲ್ಲಿ ಕಣವೇ ಇರಲಿಲ್ಲ; ನೆರೆಯವರು ಗೋಡೆ ಮೆತ್ತಲು ಮಣ್ಣು ಒಯ್ದಿದ್ದರು. ಉಸ್ತಾದ ಅವನನ್ನು ಬೈಯಲಿಲ್ಲ, ಕೂಡೆಂದೂ ಹೇಳಲಿಲ್ಲ. ಅರಳೆ ಪ್ರೆಸ್ಸಿನಲ್ಲಿ ಕುಸ್ತಿಗೆಂದು ಅವನು ಬಿಟ್ಟಿದ್ದ ಜಾಗಕ್ಕೆ ಬೇರೊಬ್ಬ ಬಂದಿದ್ದ. ಪಂಢರಿನಾಥ ಮಾತ್ರ ಅವನನ್ನು ಹುಡುಕಿಕೊಂಡು ಮನೆಗೇ ಬಂದ.

"ತೋಳು ಮುರೀರಿ ಅಂತ ನಾ ಹೇಳಿದ್ನೇನ್ರಿ? ಆದದ್ದು ಆಗಿಹೋತು. ಧಾರವಾಡದ ಮಂದಿ ನಿಮ್ಮನ್ನ ಕೇಳಾಕತ್ತಾರ."

ಹುಲಗಪ್ಪ ದುರಗವ್ವನ ಮುಖ ನೋಡಿದ. ಅವಳು ಒಳಗೆ ಹೋದಳು.

ಧಾರವಾಡದಲ್ಲಿ "ಗೆಳೆಯನ ತೋಳು ಮುರಿದ ಹುಲಗಪ್ಪ" ಎಂದೇ ಮೈಕಿನಲ್ಲಿ ಸಾರಿದರು. ಅಟ್ಟದ ಹಿಂದಿನ ಡೇರೆಯಲ್ಲಿ ಅಂದಿನ ಎದುರಾಳಿ, ಕುಂದಗೋಳ ಕಡೆಯ ಪೈಲ್ವಾನ ಗಂಗಪ್ಪ, ಬಂದು ಅವನ ಕಾಲು ಮುಟ್ಟಿದ.

"ಅಣ್ಣಾರ, ನಾ ದುಡದ್ರ ಮಕ್ಕಳಿಗೆ ಕೂಳು."

"ಹೆದರಬ್ಯಾಡಪಾ. ನಿನಗ ಏನೂ ಮಾಡೂದಿಲ್ಲ ನಾನು" ಎಂದ ಹುಲಗಪ್ಪ.

ಗಂಗಪ್ಪ ತಲೆಯಾಡಿಸಿದ. ಆದರೆ ಅವನು ನೋಡುತ್ತಿದ್ದದ್ದು ಹುಲಗಪ್ಪನ ಮುಖವನ್ನಲ್ಲ, ಕೈಗಳನ್ನು. ಹೊರಗೆ ಮಂದಿ ಮುರಿ, ಮುರಿ ಎಂದು ಕೂಗುತ್ತಿದ್ದರು. ಹುಲಗಪ್ಪ ಹಲಗೆಯ ಮೆಟ್ಟಿಲು ಹತ್ತಿದ.