ಕೀಬೋರ್ಡ್ ಮುಟ್ಟಿದವರು

ನನ್ನ ಕೀಬೋರ್ಡನ್ನು ಯಾರೋ ಮುಟ್ಟುತ್ತಿದ್ದರು. ಯಾರೋ ಎಂದು ಮರ್ಯಾದೆಗೆ ಹೇಳಿದೆ, ಅಷ್ಟೇ. ಯಾರೆಂದು ನನಗೆ ಮೊದಲ ದಿನವೇ ಗೊತ್ತಿತ್ತು. ಮನೆಯಲ್ಲಿರುವುದು ಮೂವರು. ನನ್ನ ಗಂಡನಿಗೆ ತನ್ನ ಕನ್ನಡಕದ ಅಂಗಡಿ ಬಿಟ್ಟರೆ ಪ್ರಪಂಚದಲ್ಲಿ ಬೇರೇನೂ ಕಾಣುವುದಿಲ್ಲ. ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಳ್ಳುವಷ್ಟು ದಡ್ಡಿ ನಾನಲ್ಲ. ಉಳಿದವಳು ನಾದಿನಿ.

ನನ್ನದು ಎಲ್ಲರ ಕೀಬೋರ್ಡಿನಂಥದ್ದಲ್ಲ. ನರದ ಕಾಯಿಲೆಯಿಂದಾಗಿ ನನ್ನ ಕೈಗಳು ಹೇಳಿದ ಮಾತು ಕೇಳುವುದಿಲ್ಲ. ಒಂದು ಕಡೆ ಹೊರಟು ಇನ್ನೆಲ್ಲೋ ಹೋಗಿ ಬೀಳುತ್ತವೆ. ಅದಕ್ಕೇ ಇದರ ಕೀಗಳು ದಪ್ಪ, ಮೇಲೊಂದು ತೂತು ತೂತಿನ ತಟ್ಟೆ. ಅಂಗೈಯನ್ನು ತಟ್ಟೆಯ ಮೇಲೆ ಊರಿ, ಬೇಕಾದ ತೂತಿನೊಳಗೆ ಬೆರಳಿಳಿಸಿದರೆ ಪಕ್ಕದ ಅಕ್ಷರ ತಾಗುವುದಿಲ್ಲ. ಮೌಸಿನ ಬದಲು ಕಿತ್ತಳೆ ಗಾತ್ರದ ಒಂದು ಗುಂಡು. ಅದನ್ನು ಉರುಳಿಸಿದರೆ ಪರದೆಯ ಮೇಲೆ ಬಾಣ ಓಡುತ್ತದೆ. ಕೀಯನ್ನು ತುಸು ಹೊತ್ತು ಒತ್ತಿ ಹಿಡಿದರೆ ಮಾತ್ರ ಕಂಪ್ಯೂಟರು ‘ಟಿಕ್’ ಎಂದು ಅಕ್ಷರವನ್ನು ಒಪ್ಪಿಕೊಳ್ಳುತ್ತದೆ, ನಡುಗಿ ತಾಗಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಷ್ಟು ಹೊತ್ತು ಹಿಡಿಯಬೇಕೆಂಬುದನ್ನು, ಇದನ್ನು ಮಾರಿದವನೇ ನನ್ನ ಕೈ ನೋಡಿ ಹೊಂದಿಸಿಕೊಟ್ಟಿದ್ದ. ಆಮೇಲೆ ನಾನು ಅದರ ಗೊಡವೆಗೆ ಹೋಗಿಲ್ಲ.

ಈಗ ಆ ‘ಟಿಕ್’ ತಡವಾಗಿ ಬರುತ್ತಿತ್ತು. ಒತ್ತಿ ಹಿಡಿದು ಕಾಯಬೇಕು, ಇನ್ನೂ ಕಾಯಬೇಕು. ಒಂದು ವಾರ ಸುಮ್ಮನಿದ್ದೆ. ಮುಂದಿನ ವಾರ ಇನ್ನೂ ತಡವಾಯಿತು. ತಾನಾಗಿಯೇ ಹೀಗೆ ಮೆಟ್ಟಿಲಿಳಿದಂತೆ ನಿಧಾನವಾಗುವ ಯಂತ್ರವನ್ನು ನಾನಂತೂ ಕಂಡಿಲ್ಲ.

“ಅದಕ್ಕೂ ವಯಸ್ಸಾಯ್ತು ಬಿಡೇ,” ಎಂದರು ನನ್ನವರು.

“ಅದಕ್ಕೆ ವಯಸ್ಸಾಗಿಲ್ಲ, ನಿಮ್ಮ ತಂಗಿಗೆ ಆಸೆ ಹುಟ್ಟಿದೆ.”

ಅವರು ನಕ್ಕು, ಕನ್ನಡಕ ಒರೆಸಿಕೊಂಡು ಹೊರಟೇಬಿಟ್ಟರು.

ನಾದಿನಿ ಕೆಲಸ ಮಾಡುತ್ತಿದ್ದ ಕಂಪನಿ ಬಾಗಿಲು ಹಾಕಿದ ಮೇಲೆ ನಮ್ಮ ಮನೆಗೆ ಬಂದವಳು. ನಾನು ಮುದ್ರಣಾಲಯಕ್ಕೆಂದು ಟೈಪ್ ಮಾಡಿದ ಹಾಳೆಗಳನ್ನು ಓದಿ ತಿದ್ದಿ ಕಳಿಸುವುದು ಅವಳ ಪಾಲಿನ ಕೆಲಸ. ಹತ್ತೂ ಬೆರಳಲ್ಲಿ ಟಪಟಪ ಟೈಪ್ ಮಾಡುತ್ತಾಳೆ. ಮುದ್ರಣಾಲಯದ ಯಜಮಾನರು ಒಮ್ಮೆ ಬಂದಾಗ, “ನಿಮ್ಮ ನಾದಿನಿ ಕೈ ಬಹಳ ಚುರುಕು,” ಎಂದು ನನ್ನೆದುರಿಗೇ ಹೊಗಳಿದ್ದರು. ಅವರ ಬಳಿ ಈಗೊಂದು ನಿಘಂಟಿನ ಹಸ್ತಪ್ರತಿ ಇದೆ. ಮುಗಿಯಲು ವರ್ಷಗಳೇ ಬೇಕು. ಯಾರಿಗೆ ಕೊಡುವುದೆಂದು ನಮ್ಮ ಮನೆಗೇ ಬಂದು, ಒಂದು ಪುಟ ಟೈಪ್ ಮಾಡಿಸಿ ನೋಡುತ್ತಾರಂತೆ.

ಆ ಕೆಲಸ ನನಗೆ ಬೇಕಿತ್ತು. ಅಂಗಿಯ ಗುಂಡಿ ಹಾಕಲು ಒಬ್ಬರು, ತಲೆ ಬಾಚಲು ಒಬ್ಬರು, ಲೋಟ ಹಿಡಿಯಲು ಒಬ್ಬರು. ಆ ಮೇಜಿನ ಮುಂದೆ ಮಾತ್ರ ನಾನು ಯಾರ ಹಂಗೂ ಇಲ್ಲದೆ ಕೂರುತ್ತೇನೆ. ಅದೂ ಹೋದರೆ ನಾನೆಂಬುದು ಏನು ಉಳಿಯುತ್ತದೆ ಎಂದು ಯೋಚಿಸಲೂ ಹೆದರಿಕೆ.

ಹಾಗಾಗಿ ಕಾವಲಿಗಿಳಿದೆ. ಗುಂಡಿನ ಮೇಲೆ ಒಂದು ದಾರದ ಎಳೆ ಇಟ್ಟು ಸ್ನಾನಕ್ಕೆ ಹೋದೆ. ಬಂದಾಗ ಎಳೆ ನೆಲದಲ್ಲಿತ್ತು. ಫ್ಯಾನಿನ ಗಾಳಿಗೂ ಬಿದ್ದಿರಬಹುದೆಂದು ನ್ಯಾಯವಂತರು ಹೇಳಬಹುದು. ನಾನು ಅಷ್ಟೊಂದು ನ್ಯಾಯವಂತಳಲ್ಲ. ಗುಂಡನ್ನು ಮೂಸಿ ನೋಡಿದರೆ ಅವಳು ಕೈಗೆ ಹಚ್ಚುವ ಕ್ರೀಮಿನ ವಾಸನೆ ಬೇರೆ.

ಯಜಮಾನರು ಬರುವ ದಿನ, ಅಡುಗೆಮನೆಯಲ್ಲಿ ಇದ್ದಂತೆ ಮಾಡಿ ಗೋಡೆ ಹಿಡಿದು ಮೆಲ್ಲಗೆ ಬಂದು ಬಾಗಿಲು ತಳ್ಳಿದೆ. ನನ್ನ ಕುರ್ಚಿಯಲ್ಲಿ ಅವಳು. ಪರದೆಯ ಮೇಲೆ, ಕೀಯನ್ನು ಎಷ್ಟು ಹೊತ್ತು ಹಿಡಿಯಬೇಕೆಂದು ಹೊಂದಿಸುವ ಉದ್ದ ಪಟ್ಟಿ, ಅದರ ಮೇಲೆ ಅತ್ತಿತ್ತ ಎಳೆಯುವ ಗುರುತು.

“ಸಿಕ್ಕಿಬಿದ್ಯಲ್ಲ!”

ಅವಳು ಥಟ್ಟನೆ ಗುಂಡಿನಿಂದ ಕೈ ತೆಗೆದಳು. “ನಿಮ್ಮ ಒಳ್ಳೇದಕ್ಕೇ ಅತ್ತಿಗೆ.”

“ಒಳ್ಳೇದು ಮಾಡೋರು ಬಾಗಿಲು ಹಾಕ್ಕೊಂಡು ಮಾಡಲ್ಲ. ಏಳು ಮೇಲೆ.”

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ನಾನು ಕೂತು, ಗುಂಡು ಉರುಳಿಸಿ, ಪಟ್ಟಿಯಲ್ಲಿದ್ದ ಗುರುತನ್ನು, ನನಗಿನ್ನೂ ನೆನಪಿದ್ದ, ಮಾರಿದವನು ಇಟ್ಟಿದ್ದ ಜಾಗಕ್ಕೇ ಎಳೆದೆ.

“ಅತ್ತಿಗೆ, ಬೇಡ. ಅಷ್ಟು ಕೆಳಗೆ ಇಳಿಸ್ಬೇಡಿ, ಕೈಮುಗೀತೀನಿ.”

“ಹೋಗಿ ಬಾಗಿಲು ತೆಗಿ.”

ಯಜಮಾನರು ಬಂದು ನನ್ನ ಹೆಗಲ ಹಿಂದೆ ನಿಂತರು, ಹಸ್ತಪ್ರತಿಯ ಮೊದಲ ಹಾಳೆಯನ್ನು ಎದುರಿಗಿಟ್ಟರು. ಮೊದಲ ಪದ ‘ಅಕ್ಕರೆ’. ನಾನು ಅಂಗೈ ಊರಿ ಬೆರಳಿಳಿಸಿದೆ. ಟಿಕ್ ಟಿಕ್ ಟಿಕ್ ಟಿಕ್. ಪರದೆಯ ಮೇಲೆ ಅ ಅ ಅ ಅ ಎಂದು ಒಂದು ಸಾಲು ಬಿತ್ತು. ಅಳಿಸಲು ಹೋದೆ, ಅಳಿಸುವ ಕೀಯೂ ನಾಲ್ಕು ಸಲ ಬಿತ್ತು. ಬೆರಳು ಕೀಯ ಮೇಲೆ ಕುಣಿಯುತ್ತಿತ್ತು, ಒಂದು ಸಲ ಎಂದುಕೊಂಡದ್ದು ಐದು ಸಲ ಆಗುತ್ತಿತ್ತು. ತಟ್ಟೆಗೆ ಅಂಗೈ ಬಡಿದು ಕಟಕಟ ಸದ್ದಾಗುತ್ತಿತ್ತು.

ಯಜಮಾನರು ಕೆಮ್ಮಿದರು.

ಯಂತ್ರ ಕೆಟ್ಟಿದೆ ಎಂದು ಹೇಳಬಹುದಿತ್ತು. ಬಾಯಿ ತೆರೆದೂ ಇದ್ದೆ. ಆದರೆ ಗುರುತು ನಿಂತಿದ್ದದ್ದು ವರ್ಷಗಟ್ಟಲೆ ನಾನು ಸರಾಗವಾಗಿ ಟೈಪ್ ಮಾಡಿದ ಜಾಗದಲ್ಲೇ. ಕೀಬೋರ್ಡ್ ಅದೇ, ಕುರ್ಚಿಯೂ ಅದೇ.

“ನಿನ್ನೆ ಎಲ್ಲಿಗಿಟ್ಟಿದ್ದೆ?” ಎಂದು ತಿರುಗದೆಯೇ ಕೇಳಿದೆ.

ನಾದಿನಿ ಬಂದು ಬಗ್ಗಿ ಗುರುತನ್ನು ಸರಿಸಿದಳು. ಪಟ್ಟಿಯ ಅರ್ಧಕ್ಕಿಂತ ಆಚೆಗೆ ಹೋಯಿತು ಅದು. ಅಷ್ಟು ದೂರ ಹೋಗಿದ್ದೇನೆಂದು ನನಗೆ ಯಾರೂ ಹೇಳಿರಲಿಲ್ಲ.

ಒತ್ತಿ ಹಿಡಿದೆ, ಕಾದೆ. ಅಕ್ಷರಗಳು ಒಂದೊಂದೇ ಬಂದವು. ಮೊದಲ ಪದವೂ ಅದರ ಅರ್ಥವೂ ಮುಗಿಯುವಷ್ಟರಲ್ಲಿ ಯಜಮಾನರು ಮೂರು ಸಲ ಗಡಿಯಾರ ನೋಡಿದರು.

“ತಪ್ಪಿಲ್ಲಮ್ಮ. ಆದ್ರೆ ನಿಧಾನ...” ಎಂದು ಹಾಳೆಯನ್ನು ಹಸ್ತಪ್ರತಿಯ ಕಟ್ಟಿನೊಳಗೆ ಸೇರಿಸಿದರು. “ಫೋನ್ ಮಾಡ್ತೀನಿ.” ಫೋನ್ ಮಾಡುವವರು ಹಸ್ತಪ್ರತಿಯನ್ನು ಕಂಕುಳಲ್ಲಿಟ್ಟುಕೊಂಡು ಹೋಗುವುದಿಲ್ಲ.

ಬಾಗಿಲು ಹಾಕಿ ಬಂದ ನಾದಿನಿ ಅಳುತ್ತಿದ್ದಳು. “ಹಾಳೆ ತುಂಬ ಅಕ್ಷರ ಎರಡೆರಡು ಬೀಳ್ತಿತ್ತು ಅತ್ತಿಗೆ. ಮೊದ್ಲು ಅಳಿಸ್ತಿದ್ದೆ. ಆಮೇಲೆ ಅಳಿಸಿ ಮುಗೀತಿರ್ಲಿಲ್ಲ. ಅದಕ್ಕೇ ಸ್ವಲ್ಪ ಸ್ವಲ್ಪ ಸರಿಸ್ತಾ ಬಂದೆ. ನಿಮ್ಮ ಕೈ ನಡುಕ ಜಾಸ್ತಿ ಆಗಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ? ಅಣ್ಣಂಗೂ ಹೇಳಿಲ್ಲ.”

ಬೈಯಬೇಕೆನಿಸಿತು. ಕಳ್ಳತನವನ್ನಂತೂ ಮಾಡಿದ್ದಳಲ್ಲ, ನನ್ನ ಕೈಯ ಸುದ್ದಿಯನ್ನು ನನಗಿಂತ ಮೊದಲು ತಿಳಿದು ಬಚ್ಚಿಟ್ಟುಕೊಂಡಿದ್ದಳು. ತಟ್ಟೆಯ ಮೇಲಿದ್ದ ಬಲಗೈಯನ್ನು ನೋಡಿದೆ. ಇಷ್ಟು ದಿನ ಮನೆಯವರ ಮೇಲೆಲ್ಲ ಕಣ್ಣಿಟ್ಟಿದ್ದೆ, ಇದೊಂದನ್ನು ಮಾತ್ರ ನಂಬಿ ಕೂತಿದ್ದೆ. ಅದು ಸುಮ್ಮನೆ ಮಲಗಿದಂತೆ ಇತ್ತು, ಆದರೆ ಕಿರುಬೆರಳು ನಿಂತಿರಲಿಲ್ಲ.

“ಇನ್ನೂ ಸರಿಸೋಕೆ ಜಾಗ ಇದ್ಯಾ ಅದ್ರಲ್ಲಿ?” ಎಂದು ಕೇಳಿದೆ.

“ಇದೆ ಅತ್ತಿಗೆ. ಸ್ವಲ್ಪ ಇದೆ.”

“ಸರಿ. ಇನ್ಮೇಲೆ ಸರಿಸೋದಾದ್ರೆ ನನ್ನ ಪಕ್ಕ ಕೂತ್ಕೊಂಡು ಸರಿಸು. ನಾನು ನೋಡ್ಬೇಕು.”