ಜೂನ್ ಒಂದರ ಮಕ್ಕಳು

ವಾಡಿಯ ಆ ಓಣಿಯ ಚೆಂಡಾಟದ ತಂಡದಲ್ಲಿ ಹನ್ನೊಂದು ಹುಡುಗರಿದ್ದರು. ಹನ್ನೊಂದು ಮಂದಿಯೂ ಜೂನ್ ಒಂದನೇ ತಾರೀಖಿಗೇ ಹುಟ್ಟಿದವರು. ವರ್ಷದ ಉಳಿದ ದಿನಗಳಲ್ಲಿ ಅಲ್ಲಿನ ಯಾವ ತಾಯಿಯೂ ಹೆತ್ತಿಲ್ಲವೆಂದು ಶಾಲೆಯ ದಾಖಲಾತಿ ಪುಸ್ತಕ ಹೇಳುತ್ತಿತ್ತು.

ಇಷ್ಟು ವರ್ಷ ಆ ಪುಸ್ತಕ ಆಟಕ್ಕೆ ಅಡ್ಡ ಬಂದಿರಲಿಲ್ಲ. ಶಹಾಬಾದಿನ ಜನವರಿ ಪಂದ್ಯಾವಳಿಯಲ್ಲಿ ಸಣ್ಣವರು ಯಾರು, ದೊಡ್ಡವರು ಯಾರು ಎಂಬುದನ್ನು ಎರಡು ಬಿದಿರು ಗಳಗಳೂ ಅವುಗಳ ಮೇಲೆ ಮೊಳೆ ಹೊಡೆದ ಒಂದು ಅಡ್ಡಪಟ್ಟಿಯೂ ತೀರ್ಮಾನಿಸುತ್ತಿದ್ದವು. ನೆಲದಿಂದ ನಾಲ್ಕು ಫೂಟು ಎಂಟು ಇಂಚು. ತಲೆ ತಾಗದೆ ದಾಟಿದವನು ಸಣ್ಣವ. ಅದನ್ನು ಮಾಡಿಕೊಟ್ಟವನು ಹಾಜಿಮಲಂಗ್. ರೈಲ್ವೆಯಲ್ಲಿ ಖಲಾಸಿ, ಡ್ಯೂಟಿ ಮುಗಿದ ಮೇಲೆ ಓಣಿಯ ಹುಡುಗರಿಗೆ ಆಟ ಕಲಿಸುವವ.

ಎರಡು ಸಾವಿರದ ಎರಡನೇ ಇಸವಿಯ ಜನವರಿಯಲ್ಲಿ ಪಂದ್ಯಾವಳಿಯ ಕಮಿಟಿ ಅವನ ಅಳತೆಪಟ್ಟಿಯನ್ನು ಅವನಿಗೇ ತಿರುಗಿ ಕಳಿಸಿತು. ಜತೆಗೊಂದು ಚೀಟಿ. ಇನ್ನು ಮುಂದೆ ವಯಸ್ಸಿನ ಗುಂಪು. ಹನ್ನೆರಡು ವರ್ಷದೊಳಗಿನವರಿಗೆ ಅರ್ಧ ಮೈದಾನ, ಒಂದು ಕಡೆಗೆ ಏಳೇ ಮಂದಿ. ಹದಿನಾಲ್ಕರೊಳಗಿನವರಿಗೆ ಪೂರ್ತಿ ಮೈದಾನ, ಹನ್ನೊಂದು ಮಂದಿ. ವಯಸ್ಸಿಗೆ ಶಾಲೆಯ ದಾಖಲೆಯೇ ಆಧಾರ.

"ನಿಯಮ ಛಲೋನೇ ಅದ," ಎಂದ ಹಾಜಿಮಲಂಗ್. "ಸಣ್ಣ ಕೂಸುಗಳಿಗಿ ದೊಡ್ಡ ಮೈದಾನದಾಗ ಚೆಂಡೇ ಸಿಗಲ್ಲ. ಏಳು ಮಂದಿ ಇದ್ರ ಎಲ್ಲಾರ ಕಾಲಿಗೂ ಹತ್ತತದ. ಆದ್ರ ನಮ್ಮ ಏಳು ಎಲ್ಲಿ?"

ಕಾಗದದ ಪ್ರಕಾರ ಹನ್ನೊಂದರಲ್ಲಿ ಆರು ಮಂದಿ ಕೆಳಗಿನ ಗುಂಪಿಗೆ ಬಂದರು, ಐವರು ಮೇಲಿನದಕ್ಕೆ ಹೋದರು. ಆರು ಏಳಾಗದು, ಐದು ಹನ್ನೊಂದಾಗದು. ಒಬ್ಬನ ವಯಸ್ಸು ತಿದ್ದಿದರೆ ಕೆಳಗಿನ ತಂಡ ಉಳಿಯುತ್ತಿತ್ತು. ಆ ಒಬ್ಬ ಕಪಿಲ. ಕಾಗದದಲ್ಲಿ ಹನ್ನೆರಡೂವರೆ, ಮೈಯಲ್ಲಿ ಹತ್ತು.

"ಯವ್ವಾ, ನನ್ನ ಯಾಕ ದೊಡ್ಡಾವ ಮಾಡ್ದಿ?" ಎಂದು ಅವನು ಕೇಳಿದಾಗ ಅನಸುಬಾಯಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು.

ಏಳು ವರ್ಷದ ಹಿಂದೆ, ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಅವಳು ಶಾಲೆಗೆ ಹೋಗಿದ್ದಳು. ಕಲ್ಲಿನ ಖಣಿಯಲ್ಲಿ ಕೂಸನ್ನು ಬಿಡಲು ನೆರಳಿರಲಿಲ್ಲ. ಆಗ ಹೆಡ್‌ಮಾಸ್ತರರಾಗಿದ್ದ ರಘೂತ್ತಮರು ಶಾಲೆಗೆ ಸೇರುವ ವಯಸ್ಸಾಗದ ಹುಡುಗನನ್ನು ನೋಡಿ, "ಆರು ಅಂತ ಬರೀತೀನಿ, ಬಿಟ್ಟು ಹೋಗವ್ವಾ," ಎಂದಿದ್ದರು. ಬರೆದರು. ತಾರೀಖು ಕೇಳಲಿಲ್ಲ. ಆ ಓಣಿಯಿಂದ ಬಂದ ಯಾವ ಮಗುವಿನ ತಾರೀಖನ್ನೂ ಅವರು ಕೇಳಿರಲಿಲ್ಲ. ಈಗ ಕಮಿಟಿಯ ಕಾರ್ಯದರ್ಶಿ ಅವರೇ.

ಮರುದಿನ ಮುಂಜಾನೆ ಅನಸುಬಾಯಿ ಅವರ ಮನೆಯ ಕಟ್ಟೆಯ ಕೆಳಗೆ ನಿಂತಳು. ಮೇಲೆ ಬಾ ಎಂದು ಯಾರೂ ಅನ್ನಲಿಲ್ಲ, ಅವಳೂ ಆ ಮಾತಿಗೆ ಕಾಯಲಿಲ್ಲ.

"ಸರ್, ನಿಮ್ಮ ಪ್ರಮಿತಾ ಬಾಯಿ ಯಾವಾಗ ಹುಟ್ಟ್ಯಾರ್ರಿ?"

ಮಗಳ ಹೆಸರು ಕೇಳಿ ರಘೂತ್ತಮರು ಬೆರಗಾದರು. ಆದರೂ ಉತ್ತರ ನಾಲಗೆಯ ತುದಿಯಲ್ಲೇ ಇತ್ತು. "ಶ್ರಾವಣ ಶುದ್ಧ ಪಂಚಮಿ. ಮುಂಜಾನೆ ಆರು ಗಂಟೆ ಹದಿನೆಂಟು ನಿಮಿಷ. ಯಾಕ?"

"ನನ್ನ ಮಗ ಬಾಬಾಸಾಹೇಬರ ನೂರನೇ ಜಯಂತಿ ದಿನ ಹುಟ್ಟ್ಯಾನ್ರಿ. ಮೆರವಣಿಗಿ ನಮ್ಮ ಬಾಗಿಲಿಗಿ ಬಂದಿತ್ತು, ಹಲಗಿ ಬಡೀಲಿಕತ್ತಿದ್ರು. ಇಡೀ ಓಣಿಗಿ ಗೊತ್ತದ. ನೀವು ಕೇಳಿದ್ರ ಅವತ್ತೇ ಹೇಳ್ತಿದ್ದೆ."

ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ತೊಂಬತ್ತೊಂದು, ಏಪ್ರಿಲ್ ಹದಿನಾಲ್ಕು. ತಪ್ಪಲು ಸಾಧ್ಯವಿಲ್ಲದ ತಾರೀಖು.

"ಒಂದೇ ಗೆರಿ ಬರದು ಕೊಡ್ರಿ. ಕೇಳದೆ ಬರದೀನಿ ಅಂತ."

"ಹಂಗ ಬರದ್ರ ನಾ ಸುಳ್ಳು ದಾಖಲೆ ಮಾಡೀನಿ ಅಂತ ಆಗ್ತದವ್ವಾ. ರಿಟೈರ್ ಆಗ್ಲಿಕ್ಕಿ ಎರಡು ವರ್ಷ ಅದ. ಒಬ್ಬನದು ತಿದ್ದಿದ್ರ ನಾಳೆ ನಲವತ್ತು ಮಂದಿ ಬರ್ತಾರ. ಚಿತ್ತಾಪುರ ಕೋರ್ಟಿಗಿ ಹೋಗು, ಆರು ತಿಂಗಳದಾಗ ಆಗ್ತದ."

"ಆಟ ಬರೋ ಐತವಾರನೇ ಅದರಿ."

"ಅವತ್ತು ನಾ ನಿನಗ ಉಪಕಾರ ಮಾಡೀನಿ. ಅದು ಮರೀಬ್ಯಾಡ."

"ಮರ್ತಿಲ್ರಿ. ನೀವು ಸಾಲ್ಯಾಗ ತಗೊಳ್ಳಲಿಲ್ಲಂದ್ರ ಅವನೂ ಕಲ್ಲೇ ಒಡೀತಿದ್ದ. ಆದ್ರ ಆ ಉಪಕಾರದಾಗ ನನ್ನ ಕೂಸಿನ ಎರಡು ವರ್ಷ ಹೋದವು. ಅವು ಎಲ್ಲಿಟ್ಟೀರಿ ಹೇಳ್ರಿ."

ಅವರು ಒಳಗೆ ಹೋದರು. ಬಾಗಿಲು ಹಾಕಲಿಲ್ಲ, ಅಷ್ಟು ಮರ್ಯಾದೆ ಅವರಲ್ಲಿತ್ತು. ಆದರೆ ಹೊರಗೂ ಬರಲಿಲ್ಲ.

ಆಟದ ದಿನ, ರವಿವಾರ, ಅನಸುಬಾಯಿ ಖಣಿಗೆ ಹೋಗಲಿಲ್ಲ. ಹನ್ನೊಂದು ಹುಡುಗರ ಜತೆ ಪ್ಯಾಸೆಂಜರ್ ಗಾಡಿ ಹತ್ತಿದಳು. ಹಾಜಿಮಲಂಗ್ ಹೆಗಲ ಮೇಲೆ ಅಳತೆಪಟ್ಟಿ ಹೊತ್ತಿದ್ದ.

"ಇದರ ಟಿಕೀಟ ಎಲ್ಲದ?" ಎಂದು ಟಿ.ಸಿ. ತಮಾಷೆ ಮಾಡಿದ.

"ನಾಕು ಫೂಟ್ ಎಂಟು ಇಂಚ್ ಅದ ಸಾಬ್, ಹಾಫ್ ಟಿಕೀಟ್," ಎಂದ ಹಾಜಿಮಲಂಗ್. ಹುಡುಗರು ನಕ್ಕರು. ಕಪಿಲ ನಗಲಿಲ್ಲ.

ಶಹಾಬಾದಿನ ಮೈದಾನದ ನಡುವೆ ಹೊಸ ಸುಣ್ಣದ ಗೆರೆ ಎಳೆದಿದ್ದರು. ಗೆರೆಯ ಆಚೆ ಸಣ್ಣವರ ಆಟ, ಈಚೆ ಅರ್ಧ ಖಾಲಿ. ಮೇಜಿನ ಹಿಂದೆ ಕೂತ ರಘೂತ್ತಮರು ತಂಡಗಳ ಹೆಸರು ಓದುತ್ತಿದ್ದರು. ವಾಡಿಯ ಹೆಸರು ಬಂದಾಗ ಅನಸುಬಾಯಿ ಮೇಜಿನ ಮುಂದೆ ಗಳಗಳನ್ನು ನೆಟ್ಟಗೆ ನಿಲ್ಲಿಸಿ ಹಿಡಿದಳು. "ದಾಟು," ಎಂದಳು ಮಗನಿಗೆ.

ಕಪಿಲ ದಾಟಿದ. ತಲೆಗೂ ಪಟ್ಟಿಗೂ ನಡುವೆ ಒಂದು ಗೇಣು ಬಯಲು ಉಳಿದಿತ್ತು.

"ಎತ್ತರ ಈಗ ಲೆಕ್ಕಕ್ಕಿಲ್ಲ," ಎಂದರು ರಘೂತ್ತಮರು. ತಲೆ ಎತ್ತಲಿಲ್ಲ.

"ಬ್ಯಾಡ್ರಿ, ಎತ್ತರ ಬಿಡ್ರಿ. ಇವನ ವಯಸ್ಸು ನನ್ನ ಕೇಳಿ ಬರದೀರೋ, ಕೇಳದೆ ಬರದೀರೋ? ಅಷ್ಟೇ ಹೇಳ್ರಿ, ಎಲ್ಲಾರ ಮುಂದ."

ಅವರ ಕೈಯಲ್ಲಿ ಪೆನ್ನು ಇತ್ತು, ಮುಂದೆ ಬಿಳಿ ಹಾಳೆ ಇತ್ತು. ಒಂದು ಗೆರೆ ಬರೆಯಲು ಬೇಕಾದದ್ದೆಲ್ಲ ಇತ್ತು. ಅವರು ಆ ಪೆನ್ನಿನಿಂದ ವಾಡಿಯ ಹೆಸರಿನ ಮೇಲೆ ಗೆರೆ ಎಳೆದರು. ಗೆರೆ ಸೊಟ್ಟಾಯಿತು.

ಅನಸುಬಾಯಿ ಅಳಲಿಲ್ಲ. ಗಳಗಳನ್ನು ಎತ್ತಿಕೊಂಡು ಖಾಲಿ ಬಿದ್ದಿದ್ದ ಅರ್ಧದೊಳಗೆ ನಡೆದಳು. ದೂರದ ತುದಿಯಲ್ಲಿ ಅವನ್ನು ಊರಿ, ಬುಡಕ್ಕೆ ಕಲ್ಲು ಒಟ್ಟಿದಳು. ಕಲ್ಲನ್ನು ಅಲುಗದಂತೆ ಕೂಡಿಸುವುದು ಅವಳಿಗೆ ಯಾರೂ ಕಲಿಸಬೇಕಾದ ಕೆಲಸವಾಗಿರಲಿಲ್ಲ.

"ಇದು ಗೋಲು," ಎಂದಳು. "ಹನ್ನೊಂದೂ ಮಂದಿ ಆಡ್ರಿ. ಇಲ್ಲಿ ಯಾರ ಹೆಸರೂ ಓದಲ್ಲ."

ಹುಡುಗರು ಹಾಜಿಮಲಂಗನ ಮುಖ ನೋಡಿದರು. ಅವನು ಚೆಂಡನ್ನು ಉರುಳಿಸಿಬಿಟ್ಟ.

ಕಪಿಲ ಮಾತ್ರ ತಾಯಿಯ ಹತ್ತಿರವೇ ನಿಂತಿದ್ದ. "ಯವ್ವಾ, ನನಗ ಖರೇ ಎಷ್ಟು?"

"ಹತ್ತು," ಎಂದಳು ಅನಸುಬಾಯಿ, ಸುಣ್ಣದ ಗೆರೆಯಾಚೆಯ ಮೇಜಿಗೂ ಕೇಳುವಂತೆ. "ಜಯಂತಿ ಬಂದ್ರ ಹನ್ನೊಂದು."

ಕಪಿಲ ಓಡಿದ.