ಎಲ್ವಾಳ ಅಂಕೆ

ಮೇ ತಿಂಗಳು, ನಮ್ಮ ದಕ್ಷಿಣದ ಸೀಮೆಯಲ್ಲಿ ಚಳಿ ಶುರುವಾಗುವ ಕಾಲ. ಆ ವರ್ಷದ ಮೊದಲ ಇಬ್ಬನಿ ಹುಲ್ಲಿನ ಮೇಲೆ ಹೆಪ್ಪುಗಟ್ಟಿದ್ದ ಬೆಳಿಗ್ಗೆ, ಬಿಸಿಲು ಇನ್ನೂ ಅಡುಗೆಮನೆಯ ಕಿಟಕಿ ಮುಟ್ಟಿರಲಿಲ್ಲ. ಮೆರ್ವ್ ಟ್ರೆಗೆನ್ನಾ ಮೇಜಿನ ಮೇಲೆ ಕಂಬಳಿ ಹಾಸಿಕೊಂಡು ತನ್ನ ಬಿಳಿ ಷರಾಯಿಗೆ ಇಸ್ತ್ರಿ ಹಾಕುತ್ತಿದ್ದ. ಎಂಬತ್ತಾರು ವರ್ಷದ ಬದುಕಿನಲ್ಲಿ ಅವನು ಇಸ್ತ್ರಿಪೆಟ್ಟಿಗೆ ಮುಟ್ಟಿದ್ದು ಅದೇ ಮೊದಲು. ಇಷ್ಟು ವರ್ಷ ಆ ಕೆಲಸ ಹೆಂಡತಿ ಎಲ್ವಾಳದಾಗಿತ್ತು. ಈಗ ಅವಳು ಚರ್ಚಿನಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದಳು.

"ಅಪ್ಪಾ, ಸುಟ್ಟ ವಾಸನೆ ಬರ್ತಿದೆ," ಎನ್ನುತ್ತ ಮಗಳು ಗ್ಲೆನಿಸ್ ಒಳಗೆ ಬಂದಳು.

"ಗೊತ್ತು."

"ಗೊತ್ತಿದ್ರೆ ಎತ್ತು ಅದನ್ನ." ಅವಳು ಇಸ್ತ್ರಿಪೆಟ್ಟಿಗೆ ಕಿತ್ತುಕೊಂಡಳು. ಮೊಣಕಾಲಿನ ಹತ್ತಿರ ಬಟ್ಟೆ ಕಂದಾಗಿತ್ತು. "ಅಮ್ಮನ ಮಣ್ಣಿಗೆ ಪಂದ್ಯದ ಬಟ್ಟೆ ಹಾಕ್ಕೊಂಡು ಬರ್ತೀಯಾ? ಕಪ್ಪು ಸೂಟು ತೆಗೆದಿಟ್ಟಿದೀನಲ್ಲ."

"ಎಣಿಕೆ ಇರೋ ಮಣ್ಣಿಗೆ ನಾವು ಬಿಳೀದೇ ಹಾಕೋದು."

"ಅಮ್ಮನಿಗೆ ಎಣಿಕೆ ಎಲ್ಲಿಂದ ಬಂತು ಅಪ್ಪಾ?"

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮ ಮರ್ಟಲ್‌ಫರ್ಡಿನ ಮರ ಕಡಿಯುವ ಪಂದ್ಯದಲ್ಲಿ ಎಲ್ಲರೂ ಒಟ್ಟಿಗೆ ಕೊಡಲಿ ಎತ್ತುವುದಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಅಂಕೆ. ಹೊಸಬನಿಗೆ ಮೂರು, ಪಳಗಿದವನಿಗೆ ಹತ್ತೋ ಹದಿನೈದೋ. ಎಣಿಸುವವನು ಒಂದರಿಂದ ಕೂಗುತ್ತ ಹೋಗುತ್ತಾನೆ, ನಿನ್ನ ಅಂಕೆ ಬಂದಾಗ ನೀನು ಶುರುಮಾಡಬೇಕು. ಮೆರ್ವ್‌ನ ಅಂಕೆ ಇಪ್ಪತ್ತನಾಲ್ಕು, ಎಲ್ಲರಿಗಿಂತ ಕೊನೆಯದು. ಪಕ್ಕದವರ ಚಕ್ಕೆಗಳು ಮುಖಕ್ಕೆ ಹಾರಿ ಬಂದರೂ ಅವನು ಕೈಕಟ್ಟಿ ನಿಂತಿರುತ್ತಿದ್ದ. ಕೊನೆಗೆ ಹೊರಟು ಎಲ್ಲರನ್ನೂ ಹಿಂದೆ ಹಾಕುತ್ತಿದ್ದ. ಸಿಡ್ನಿಯ ದೊಡ್ಡ ಪಂದ್ಯದಲ್ಲೂ ಗೆದ್ದ. ಅವನ ಪಟ ಈಗಲೂ ಊರಿನ ಬಾರಿನ ಗೋಡೆಯ ಮೇಲಿದೆ.

ಪಂದ್ಯದವರು ತೀರಿಕೊಂಡರೆ ಸಮಾಧಿಯ ಹತ್ತಿರವೂ ಎಣಿಸುತ್ತಾರೆ. ಸತ್ತವನ ಅಂಕೆ ಬಂದಾಗ ಹಗ್ಗ ಸಡಿಲಿಸಿ ಪೆಟ್ಟಿಗೆ ಇಳಿಸುವುದು ಇಲ್ಲಿನ ಪದ್ಧತಿ. ಅಂಕೆ ಇಲ್ಲದವರಿಗೆ ಪಾದ್ರಿಯ ಪ್ರಾರ್ಥನೆಯಷ್ಟೇ. ಎಲ್ವಾಳ ಪ್ರಾಯದಲ್ಲಿ ಹೆಂಗಸರಿಗೆ ಅಂಕೆ ಕೊಡುತ್ತಿರಲಿಲ್ಲ.

"ಅವಳಿಗೂ ಇದೆ. ಮೂರು," ಎಂದ ಮೆರ್ವ್. ಷರಾಯಿ ಏರಿಸಿಕೊಂಡ. ಸೊಂಟ ಸಡಿಲವಾಗಿತ್ತು, ಗ್ಲೆನಿಸ್ ಪಿನ್ನು ಹಾಕಿಕೊಟ್ಟಳು. ಬೂಟು ಹಾಕಿಕೊಳ್ಳಲು ಅವನು ಹಿತ್ತಿಲಿಗೆ ಹೋಗಿ, ಮೆಟ್ಟಿಲ ಪಕ್ಕದ ಮರದ ದಿಮ್ಮಿಯ ಮೇಲೆ ಕುಳಿತ. ಎಲ್ವಾ ಬಟಾಣಿ ಸುಲಿಯುತ್ತಿದ್ದುದು, ಮೊಮ್ಮಕ್ಕಳ ತಲೆ ಬಾಚುತ್ತಿದ್ದುದು ಆ ದಿಮ್ಮಿಯ ಮೇಲೆಯೇ. ಒಂದು ಚಳಿಗಾಲದಲ್ಲಿ ಸೌದೆ ಮುಗಿದುಹೋಗಿ ಹಳೆಯ ಕುರ್ಚಿ ಒಡೆದು ಒಲೆಗೆ ಹಾಕಿದ್ದಳು. ಆ ದಿಮ್ಮಿಯನ್ನು ಮಾತ್ರ ಮುಟ್ಟಗೊಟ್ಟಿರಲಿಲ್ಲ.

*

ಚರ್ಚಿನ ಅಂಗಳದಲ್ಲಿ ಜನ ಕೈ ಉಜ್ಜಿಕೊಳ್ಳುತ್ತ ನಿಂತಿದ್ದರು. ಆಸ್ಕರ್ ಪೆನ್ನಿಕಾಟನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಕಂಬಳಿ ಹೊದಿಸಿ ಬಿಸಿಲಿಗೆ ಬಿಟ್ಟಿದ್ದರು. ತೊಂಬತ್ತು ದಾಟಿದವನು. ಊರಿನ ಪಂದ್ಯಕ್ಕೂ ಊರಿನ ಹೆಣಕ್ಕೂ ಎಣಿಸುತ್ತ ಬಂದ ದನಿ ಅವನದು.

"ಏನಯ್ಯಾ ಮೆರ್ವ್, ಮೊಣಕಾಲಿಗೆ ಏನಾಯ್ತು?"

"ಇಸ್ತ್ರಿ."

"ಎಲ್ವಾ ನೋಡಿದ್ರೆ ಪೆಟ್ಟಿಗೆಯಿಂದ ಎದ್ದು ಬರ್ತಾಳೆ."

"ಬರೋ ಹಾಗಿದ್ರೆ ಇನ್ನೊಂದು ಮೊಣಕಾಲೂ ಸುಡ್ತೀನಿ," ಎಂದ ಮೆರ್ವ್.

ಪಂದ್ಯದ ಸಂಘಕ್ಕೆ ಈಗ ಅಧ್ಯಕ್ಷನಾಗಿರುವ ಡ್ಯಾರಿಲ್ ಹತ್ತಿರ ಬಂದ. ಹಿಂದೆ ಅಧ್ಯಕ್ಷನಾಗಿದ್ದ ಕ್ಲೆಮ್‌ನ ಮಗ. ಅಪ್ಪನಂತೆಯೇ ಅಗಲವಾದ ಕೈ. ಮೆರ್ವ್ ಎಣಿಕೆ ಕೇಳುತ್ತಿರುವ ವಿಷಯ ಅವನಿಗೆ ಗೊತ್ತಾಗಿತ್ತು.

"ಮೆರ್ವ್ ಅಂಕಲ್, ಎಲ್ವಾ ಆಂಟಿ ನನಗೂ ಬೇಕಾದವರೇ. ಅವರ ಕೈಯ ಕೇಕು ತಿಂದೇ ಬೆಳೆದವನು ನಾನು. ನಮ್ಮ ಹುಡುಗರು ಗೌರವಕ್ಕೆ ಕೊಡಲಿ ಹಿಡಿದು ಎರಡೂ ಕಡೆ ನಿಲ್ತಾರೆ. ಹಗ್ಗಾನೂ ನಾವೇ ಹಿಡೀತೀವಿ. ಎಣಿಕೆ ಮಾತ್ರ..."

"ಕೊಡಲಿ ಬೇಡ. ಎಣಿಕೆ ಬೇಕು."

"ಪಂದ್ಯದಲ್ಲಿ ಒಂದು ಏಟೂ ಹಾಕದೋರಿಗೆ ಎಣಿಸಿದ್ದು ಎಲ್ಲಾದ್ರೂ ಇದೆಯಾ, ನೀವೇ ಹೇಳಿ."

"ಏಟು ಯಾಕೆ ಹಾಕಲಿಲ್ಲ ಅಂತ ನಿಮ್ಮಪ್ಪ ಹೇಳಿಲ್ವಾ?"

ಡ್ಯಾರಿಲ್ ನೆಲ ನೋಡಿದ. ಅಪ್ಪ ಹೇಳಿದ್ದನೋ ಇಲ್ಲವೋ, ಅವನ ಮುಖದಿಂದ ತಿಳಿಯಲಿಲ್ಲ.

ಮೆರ್ವ್ ಆಸ್ಕರನ ಕಡೆ ಬಗ್ಗಿದ. "ನೀನು ಎಣಿಸ್ತೀಯಾ?"

"ನನ್ನ ಗಂಟಲು ಹೋಗಿ ಎರಡು ವರ್ಷ ಆಯ್ತು ಕಣೋ," ಎಂದು ಆಸ್ಕರ್ ಕಂಬಳಿಯನ್ನು ಗದ್ದದವರೆಗೆ ಎಳೆದುಕೊಂಡ.

*

ಅರವತ್ತು ವರ್ಷದ ಹಿಂದೆ, ಜಾತ್ರೆಯಂತೆ ಜನ ಸೇರಿದ್ದ ಪಂದ್ಯದ ಮೈದಾನ. ಎಲ್ವಾ ಸಾಮಿಲ್ಲಿನವನ ಮಗಳು. ಬೆಳಗಾದರೆ ಅವಳೇ ಸೌದೆ ಒಡೆಯುತ್ತಿದ್ದಳು. ಆ ಸದ್ದಿನ ಒಂದೇ ಸಮನಾದ ಲಯ ಕೇಳಿಯೇ ಮೆರ್ವ್ ಅವಳ ಮನೆಯ ಬೇಲಿಯ ಬಳಿ ನಿಂತದ್ದು. ಮದುವೆಯಾದ ಮೇಲೆ ಮೆರ್ವ್ ಕೆಲಸಕ್ಕೆ ಹೋದಾಗ ಅವನ ಎರಡನೆಯ ಕೊಡಲಿಯಿಂದ ಪಂದ್ಯದ ದಿಮ್ಮಿಗಳನ್ನೇ ಕಡಿಯುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು.

ಅವತ್ತು ಊರಿನ ದೊಡ್ಡ ಪಂದ್ಯಕ್ಕೆ ಬರಬೇಕಿದ್ದ ಒಬ್ಬ ಬರಲಿಲ್ಲ. ಒಂದು ದಿಮ್ಮಿ ಖಾಲಿ ನಿಂತಿತ್ತು. ಎಲ್ವಾ ಲಂಗದ ಮೇಲೆ ಮೆರ್ವ್‌ನ ಇನ್ನೊಂದು ಬಿಳಿ ಷರಾಯಿ ಏರಿಸಿಕೊಂಡು, ಕೊಡಲಿ ಹಿಡಿದು ಹೋಗಿ ಅದರ ಮುಂದೆ ನಿಂತಳು.

"ಎಲ್ವಾ, ಒಲೆ ಮೇಲೆ ಏನಿಟ್ಟು ಬಂದೆ?" ಎಂದು ಬೇಲಿಯ ಕಡೆಯಿಂದ ಯಾರೋ ಕೂಗಿದರು.

"ನಿನ್ನ ನಾಲಿಗೆ. ಇನ್ನೂ ಬೆಂದಿಲ್ಲ."

ಮೈದಾನವೇ ನಕ್ಕಿತು. ಆಸ್ಕರ್ ಆಗ ಹೊಸದಾಗಿ ಎಣಿಸುವ ಕೆಲಸಕ್ಕೆ ನಿಂತವನು. ಅವಳನ್ನು ನೋಡಿದ, ಅವಳು ಕೊಡಲಿ ಹಿಡಿದ ಪರಿ ನೋಡಿದ. "ಹೊಸಬರಿಗೆ ಮೂರು," ಎಂದು ಗಟ್ಟಿಯಾಗಿ ಹೇಳಿ ಎಣಿಸಲು ಶುರುಮಾಡಿದ.

ಒಂದು ಎಂದ. ಎರಡು ಎನ್ನುವಷ್ಟರಲ್ಲಿ ಅಧ್ಯಕ್ಷ ಕ್ಲೆಮ್ ಸಾಲು ದಾಟಿ ಬಂದು ಅವಳ ದಿಮ್ಮಿಯ ಮೇಲೆ ಅಂಗೈ ಇಟ್ಟ. ಬೈಯಲಿಲ್ಲ, ಗದರಲಿಲ್ಲ, ಸುಮ್ಮನೆ ಕೈ ಇಟ್ಟು ನಿಂತ. ಆಸ್ಕರ್ ಮೂರು ಎಂದ. ಮನುಷ್ಯನ ಕೈ ಇರುವ ಮರಕ್ಕೆ ಕೊಡಲಿ ಎತ್ತುವುದು ಹೇಗೆ? ಎಲ್ವಾ ನಿಂತೇ ಇದ್ದಳು. ಅಂಕೆ ದಾಟಿ ಹೋಯಿತು. ಏಳು, ಹತ್ತು, ಹದಿನೈದು, ಒಬ್ಬೊಬ್ಬರೇ ಹೊರಟರು. ಕೊನೆಗೆ ಅವಳು ತಿರುಗಿ, ಸಾಲಿನ ತುದಿಯಲ್ಲಿ ಕೈಕಟ್ಟಿ ನಿಂತಿದ್ದ ಗಂಡನನ್ನು ನೋಡಿದಳು.

ಇಪ್ಪತ್ತನಾಲ್ಕು ಎಂದು ಕೇಳಿದ್ದೇ ಮೆರ್ವ್‌ನ ಕೊಡಲಿ ಮೇಲೆದ್ದಿತ್ತು.

ಅವತ್ತು ಗೆದ್ದವನು ಅವನೇ. ಸಂಜೆ ಎಲ್ವಾ ಒಂದೇ ಒಂದು ಗಾಯವೂ ಇಲ್ಲದ ಆ ದಿಮ್ಮಿಯನ್ನು ಲಾರಿಗೆ ಏರಿಸಿ ಮನೆಗೆ ತಂದು, ಹಿತ್ತಿಲ ಮೆಟ್ಟಿಲ ಪಕ್ಕ ಉರುಳಿಸಿದಳು. ಚಹಾ ಮಾಡಿದಳು. ಅವನ ಗೆಲುವಿನ ರಿಬ್ಬನ್ನಿಗೆ ಇಸ್ತ್ರಿ ಹಾಕಿ ಗೋಡೆಗೆ ಹಚ್ಚಿದಳು. ಆ ಮಾತು ಮತ್ತೆ ಎತ್ತಲಿಲ್ಲ, ಕೊಡಲಿಯನ್ನೂ ಎತ್ತಲಿಲ್ಲ. ಮರುದಿನದಿಂದ ಸೌದೆ ಒಡೆಯುವ ಕೆಲಸ ಮೆರ್ವ್‌ನದಾಯಿತು. ಮನೆಯಲ್ಲಿ ಆ ಲಯ ನಿಂತುಹೋಯಿತು.

*

ಸ್ಮಶಾನ ದಿಬ್ಬದ ಮೇಲಿದೆ. ಅಲ್ಲಿಂದ ಪಂದ್ಯದ ಮೈದಾನ ಕಾಣುತ್ತದೆ. ಹಗ್ಗಗಳ ಮೇಲೆ ಪೆಟ್ಟಿಗೆ ನಿಂತಿತ್ತು. ಹಗ್ಗ ಹಿಡಿದ ನಾಲ್ವರಲ್ಲಿ ತಲೆಯ ಕಡೆ ಡ್ಯಾರಿಲ್. ಮೆರ್ವ್ ಪಾದದ ಕಡೆ ನಿಂತಿದ್ದ. ಕಪ್ಪು ಬಟ್ಟೆಗಳ ನಡುವೆ ಅವನೊಬ್ಬನೇ ಬಿಳಿ. ಪಾದ್ರಿ ಪ್ರಾರ್ಥನೆ ಮುಗಿಸಿ ಪುಸ್ತಕ ಮುಚ್ಚಿದ. ಇನ್ನು ಇಳಿಸಬಹುದು ಎಂದು ಡ್ಯಾರಿಲ್‌ಗೆ ತಲೆಯಾಡಿಸಿದ.

"ಅಪ್ಪಾ, ಹೋಗಲಿ ಬಿಡು," ಎಂದು ಗ್ಲೆನಿಸ್ ಮೆರ್ವ್‌ನ ತೋಳು ಹಿಡಿದಳು. "ಅಮ್ಮ ಇದನ್ನ ಯಾವತ್ತೂ ಕೇಳಿರಲಿಲ್ಲ."

"ಕೇಳಿದ್ಲು. ಒಂದ್ಸಲ ತಿರುಗಿ ನೋಡಿದ್ಲು."

ಆಗ ಗಾಲಿಕುರ್ಚಿಯ ಕಡೆಯಿಂದ ಕೆಮ್ಮು ಕೇಳಿಸಿತು. ಆಸ್ಕರ್ ಕಂಬಳಿಯನ್ನು ಮಡಿಲಿಗೆ ತಳ್ಳಿದ್ದ.

"ಹೊಸಬರಿಗೆ ಮೂರು," ಎಂದ. ಒಡೆದ ದನಿ, ಆದರೂ ಅದೇ ದನಿ. "ಒಂದು."

ಎಲ್ಲರ ಕಣ್ಣೂ ಡ್ಯಾರಿಲ್‌ನ ಕೈಯ ಮೇಲೆ. ಅವನ ಗೆಣ್ಣುಗಳು ಬೆಳ್ಳಗಾಗಿದ್ದವು.

"ಎರಡು."

ಡ್ಯಾರಿಲ್ ತಲೆ ಎತ್ತಿ ಮೆರ್ವ್‌ನ ಕಡೆ ನೋಡಿದ. ಮೆರ್ವ್ ಅವನನ್ನು ನೋಡುತ್ತಿರಲಿಲ್ಲ, ಪೆಟ್ಟಿಗೆಯನ್ನು ನೋಡುತ್ತಿದ್ದ.

"ಮೂರು."

ಡ್ಯಾರಿಲ್ ಕೈ ಸಡಿಲಿಸಿದ. ಉಳಿದ ಮೂವರೂ ಸಡಿಲಿಸಿದರು. ಹಗ್ಗ ಅಂಗೈ ಉಜ್ಜಿಕೊಂಡು ಸರಿಯಿತು. ಎಲ್ವಾ ಹೊರಟಳು.

ಪದ್ಧತಿಯಂತೆ ಎಣಿಕೆ ಅಲ್ಲಿಗೆ ನಿಲ್ಲಬೇಕಿತ್ತು. ಆಸ್ಕರ್ ನಿಲ್ಲಿಸಲಿಲ್ಲ. ನಾಲ್ಕು ಎಂದ, ಐದು ಎಂದ. ಮರೆತನೋ, ಬೇಕೆಂದೇ ಹೇಳಿದನೋ, ಯಾರೂ ತಡೆಯಲಿಲ್ಲ. ಪೆಟ್ಟಿಗೆ ತಳ ಮುಟ್ಟಿದ ಸದ್ದು ಕೇಳಿತು. ಎಣಿಕೆ ಹತ್ತು ದಾಟಿತು, ಹದಿನೈದು ದಾಟಿತು. ದನಿ ಸೋತು ಸೋತು ಇಪ್ಪತ್ತಕ್ಕೆ ಬಂತು. ಮೆರ್ವ್ ನಿಧಾನವಾಗಿ ಎದೆಯ ಮೇಲೆ ಕೈಕಟ್ಟಿದ.

"ಇಪ್ಪತ್ತನಾಲ್ಕು," ಎಂದ ಆಸ್ಕರ್.

ಮೆರ್ವ್‌ನ ಕೈ ಈ ಸಲ ಕದಲಲಿಲ್ಲ.

ಆಸ್ಕರ್ ಕಾದ. ಆಮೇಲೆ, ಮೆರ್ವ್ ಕಡಿಯುತ್ತಿದ್ದ ಕಾಲದಲ್ಲಿ ಆ ಮೈದಾನ ಎಂದೂ ಕೇಳಿರದ ಅಂಕೆಯನ್ನು ಮೆಲ್ಲಗೆ ಹೇಳಿದ. "ಇಪ್ಪತ್ತೈದು."

ಒಬ್ಬೊಬ್ಬರಾಗಿ ಜನ ದಿಬ್ಬ ಇಳಿದರು. ಕೆಳಗೆ ಊರಿನ ಸಭಾಂಗಣದಲ್ಲಿ ಚಹಾ ಕುದಿಯುತ್ತಿತ್ತು. ಮೇಲೆ, ಸುಟ್ಟ ಮೊಣಕಾಲಿನ ಬಿಳಿ ಷರಾಯಿಯಲ್ಲಿ ಮುದುಕನೊಬ್ಬ ಕೈಕಟ್ಟಿ ನಿಂತೇ ಇದ್ದ. ಎಲ್ವಾ ಹೊರಟದ್ದು ಮೇ ತಿಂಗಳ ಒಂದು ಶುಕ್ರವಾರ, ತನ್ನ ಅಂಕೆಗೆ ಸರಿಯಾಗಿ.